ಬಂದ್ ದಿನದ ಕಾರು

ಬೆಳಗ್ಗೆ ಹತ್ತೂಕಾಲಿಗೆ ಎಂಜಿನ್ನಿನ ಹಗ್ಗ ಬಿಗಿದುಕೊಂಡಿತು. ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ. ಅಂದು ಬಂದ್. ಗರಿಯಾಹಾಟ್ ಹತ್ತಿರದ ನಮ್ಮ ಸಣ್ಣ ಇಡ್ಲಿ-ದೋಸೆ ಹೋಟೆಲಿನಲ್ಲಿ ಹತ್ತೂಕಾಲೆಂದರೆ ತಲೆ ಎತ್ತಲೂ ಪುರಸೊತ್ತಿಲ್ಲದ ಹೊತ್ತು. ಆ ಹೊತ್ತಿನಲ್ಲಿ ಗಂಡ ಹೆಂಡತಿ ಇಬ್ಬರೂ ತಾರಸಿಯಲ್ಲಿ ಸುಮ್ಮನೆ ಕೂತಿರುವುದು ಬಂದ್ ದಿನ ಮಾತ್ರ. ಬಂಗಾಳದಲ್ಲಿ ಆಗ ಕೆಂಪು ಬಾವುಟದ ಸರಕಾರ. ಬಂದ್ ಎಂದರೆ ಅಲ್ಲಿ ಪೂರ್ತಿ ಬಂದ್.

ಸುಮ್ಮನೆ ಕೂತಿದ್ದವಳು ನಾನು. ಇವರು ಲುಂಗಿ ಎತ್ತಿ ಕಟ್ಟಿ, ಹೆಗಲಿಗೆ ಗಮ್ಛಾ ಎಂಬ ತೆಳು ಬಂಗಾಳಿ ಟವೆಲ್ಲು ಹಾಕಿಕೊಂಡು ಒಂದು ಆಟದ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬ್ಯಾಟರಿಯ ಕಾರಲ್ಲ. ಮುಷ್ಟಿಯಷ್ಟೇ ಇದ್ದರೂ ನಿಜವಾದ ಎಂಜಿನ್, ಅದಕ್ಕೆ ಸ್ಪಿರಿಟ್ಟಿನಂಥ ಇಂಧನ, ದೂರ ನಿಂತು ಓಡಿಸಲು ಒಂದು ರೇಡಿಯೋ ಪೆಟ್ಟಿಗೆ. ಭಾನುವಾರ ತಪ್ಪದೆ ದೋಸೆಗೆ ಬರುವ ಬಂಗಾಳಿ ಹಡಗು ಎಂಜಿನಿಯರೊಬ್ಬರು ಅದನ್ನು ಯಾವುದೋ ಬಂದರಿನಲ್ಲಿ ಕೊಂಡಿದ್ದರಂತೆ. ಗಾರ್ಡನ್ ರೀಚ್‌ನ ತಮ್ಮ ಮನೆಯಲ್ಲಿ ಎರಡು ಮಳೆಗಾಲ ಇಟ್ಟು, ಎಂಜಿನ್ ಏಳದೆ ಕೊನೆಗೆ ಇಂಧನದ ಡಬ್ಬಿಯ ಸಮೇತ ತಂದು ನಮ್ಮ ಕೌಂಟರಿನ ಮೇಲಿಟ್ಟರು. "ದಾದಾ, ದಿನವೂ ಒಲೆ ಹಚ್ಚುವ ಕೈ ನಿಮ್ಮದು. ನಿಮ್ಮ ಮಾತಾದರೂ ಕೇಳುತ್ತದೋ ನೋಡಿ."

ಕೇಳಲಿಲ್ಲ. ಇವರು ಮಾತ್ರ ಬಿಡುವವರಲ್ಲ.

"ಹೊರಗೆ ನೋಡು ಮಾರಾಯ್ತಿ. ಬಸ್ಸಿಲ್ಲ, ಆಟೋ ಇಲ್ಲ. ಇಡೀ ರಸ್ತೆ ನಮ್ಮದು. ಇವತ್ತು ಓಡಿಸದಿದ್ರೆ ಇನ್ನು ಯಾವತ್ತು?"

"ಐವತ್ತು ದಾಟಿದ ಮೇಲೆ ಆಟದ ಕಾರು! ನೋಡಿದವರು ಎಂತ ಹೇಳಿಯಾರು?"

"ಹೇಳ್ಲಿ. ದೋಸೆ ತಿನ್ಲಿಕ್ಕೆ ಇಲ್ಲಿಗೇ ಬರ್ಬೇಕಲ್ಲ."

ಎಂಜಿನ್ ಏಳಿಸಲು ಎಳೆಯುವ ಹಗ್ಗ ಬಿಗಿಯಾದರೆ ಎಂಜಿನ್ನಿನ ಹೊಟ್ಟೆಯಲ್ಲಿ ಇಂಧನ ಹೆಚ್ಚಾಗಿದೆ ಎಂದರ್ಥ ಎಂದು ಎಂಜಿನಿಯರ್ ಹೇಳಿಕೊಟ್ಟಿದ್ದರು. ಪ್ಲಗ್ ಬಿಚ್ಚಬೇಕು, ಕಾರನ್ನು ಮಗುಚಿ ಹಗ್ಗ ಎಳೆದು ಇಂಧನವನ್ನು ಹೊರಗೆ ಕಕ್ಕಿಸಬೇಕು. ಇವರು ಪ್ಲಗ್ ಬಿಚ್ಚಿದರು. ಅದು ಸರಿಯಿದೆಯೋ ಇಲ್ಲವೋ ನೋಡಲು ಬ್ಯಾಟರಿಗೆ ಸಿಕ್ಕಿಸಿದರು. ಒಳಗಿನ ಕೂದಲಿನಂಥ ತಂತಿ ಕೆಂಪಗೆ ಕಾದಿತು. "ಪ್ಲಗ್ ಗಟ್ಟಿ ಉಂಟು" ಎಂದು ಖುಷಿಯಿಂದ ಅದನ್ನು ಬ್ಯಾಟರಿಯಿಂದ ಬಿಡಿಸದೆ ಹಾಗೆಯೇ ಪಕ್ಕಕ್ಕಿಟ್ಟು, ಕಾರು ಮಗುಚಿ ಹಗ್ಗ ಎಳೆದರು. ಇಂಧನ ಪಿಚಕಾರಿಯಂತೆ ಚಿಮ್ಮಿ ಕೈಗೆ, ಗಮ್ಛಾಕ್ಕೆ, ಕಾದ ಪ್ಲಗ್ಗಿಗೆ ಬಿತ್ತು.

ಏನೂ ಆಗಲಿಲ್ಲ. ಅಂದರೆ ಏನೂ ಕಾಣಲಿಲ್ಲ. ಇವರು ಗಮ್ಛಾದಿಂದ ಕೈ ಒರೆಸಿಕೊಳ್ಳುತ್ತಿದ್ದರು. ನಾನು ನೋಡಿದ್ದು ಇವರ ಹಿಂದಿನ ಗೋಡೆಯನ್ನು. ಕಾದ ಕಾವಲಿಯ ಮೇಲಿನ ಗಾಳಿಯಲ್ಲಿ ಎದುರಿನ ವಸ್ತುಗಳು ನಡುಗುತ್ತವಲ್ಲ, ಹಾಗೆ ಗೋಡೆ ನಡುಗುತ್ತಿತ್ತು. ಆಮೇಲೆ ಗಮ್ಛಾದ ಅಂಚು ತಾನಾಗಿ ಕಪ್ಪಾಗುತ್ತ ಮೇಲೇರಿತು.

"ಬೆಂಕಿ!" ಎಂದು ಕಿರುಚಿದೆ.

ಇವರು ಸುತ್ತ ನೋಡಿದರು. ಹುಡುಗನಾಗಿದ್ದಾಗಿನಿಂದ ಬೆಂಕಿಯ ಮುಂದೆಯೇ ನಿಂತ ಮನುಷ್ಯ, ಉರಿಯುವ ಕೈಯನ್ನು ಎದುರಿಗೆ ಹಿಡಿದುಕೊಂಡು ನನ್ನನ್ನು ಕೇಳಿದರು: "ಎಲ್ಲಿ?"

ಈಗಲೂ ಪಾತ್ರೆ ತೊಳೆಯುವಾಗ, ಮೆಟ್ರೋದಲ್ಲಿ ಕೂತಾಗ, ಆ "ಎಲ್ಲಿ" ಕೇಳಿಸುತ್ತದೆ. ಸಿಟ್ಟಿಲ್ಲದ, ಗಾಬರಿಯೂ ಇಲ್ಲದ, ಕನ್ನಡಕ ಹುಡುಕುವವರ ದನಿ.

ಮನೆಯಲ್ಲಿ ನೀರು ಸರಿಯಾಗಿ ಬರುವುದು ತಾರಸಿಯ ನಲ್ಲಿಯಲ್ಲಿ ಮಾತ್ರ. ಆದ್ದರಿಂದ ಮರುದಿನದ ಇಡ್ಲಿಗೆ ಅಕ್ಕಿಯನ್ನು ಅಲ್ಲೇ ಬಕೆಟಿನಲ್ಲಿ ನೆನೆಹಾಕಿದ್ದೆ. ಅದನ್ನೇ ಎತ್ತಿ ಇವರ ಮೇಲೆ ಸುರಿದೆ. ಬೆಂಕಿ ಆರಿತು. ಅದೂ ಕಾಣಲಿಲ್ಲ, ಗೋಡೆಯ ನಡುಕ ನಿಂತದ್ದರಿಂದ ತಿಳಿಯಿತು. ಆ ಇಂಧನದ ಉರಿ ಬಿಸಿಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲವಂತೆ. ತಲೆಯಲ್ಲಿ, ಮೀಸೆಯಲ್ಲಿ, ಬನಿಯನ್ನಿನಲ್ಲಿ ಅಕ್ಕಿ ಅಂಟಿಸಿಕೊಂಡು, ಕೈಯ ಚರ್ಮ ಸುಲಿಯುತ್ತಿರುವಾಗ ಇವರು ಹಲ್ಲು ಕಚ್ಚಿ ಹೇಳಿದರು, "ಅಕ್ಷತೆ ಹಾಕಿದಿಯಲ್ಲ. ಎರಡನೇ ಸಲ ಮದುವೆ ಆಯ್ತು."

ಟ್ಯಾಕ್ಸಿ ಇಲ್ಲ. ಕೆಳಗಿನ ತರಕಾರಿಯವನ ಮೂರು ಗಾಲಿಯ ಸೈಕಲ್ ವ್ಯಾನಿನ ಹಲಗೆಯ ಮೇಲೆ ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ಆಸ್ಪತ್ರೆಗೆ ಹೋದೆವು. ಹುಡುಗರು ನಡುರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದರು. ನಮ್ಮನ್ನು ಕಂಡು ಸ್ಟಂಪಿಗಿಟ್ಟ ಇಟ್ಟಿಗೆಗಳನ್ನು ಎತ್ತಿ ದಾರಿ ಬಿಟ್ಟರು.

ಗಾಯ ಮಾಯಿತು. ಮಾಯದೇ ಉಳಿದದ್ದು ಬೇರೆ. ಕಾವಲಿಯ ಹತ್ತಿರ ಹೋಗಲು ಇವರಿಂದ ಆಗಲಿಲ್ಲ. ಸಹಾಯಕ ದೋಸೆ ಹುಯ್ಯುತ್ತಿದ್ದ, ಇವರು ಕೌಂಟರಿನಲ್ಲಿ ಕೂರುತ್ತಿದ್ದರು. ರಾತ್ರಿ ಎದ್ದೆದ್ದು ಕೆಳಗಿನ ಹೋಟೆಲಿಗೆ ಇಳಿದುಹೋಗಿ, ಆರಿದ ಒಲೆಯ ಮೇಲೆ ಅಂಗೈ ಹಿಡಿದು ನೋಡುತ್ತಿದ್ದರು.

"ಆರಿಸಿದ್ದೇನೆ, ಬನ್ನಿ."

"ಕಾಣೂದಿಲ್ಲ ಅಂದ್ರೆ ಇಲ್ಲ ಅಂತ ಹೇಗೆ ಹೇಳೂದು?"

ನಾನೂ ಎದ್ದು ಗೋಡೆ ನಡುಗುತ್ತಿದೆಯೋ ಎಂದು ನೋಡುತ್ತಿದ್ದೆ.

ಮುಂದಿನ ಬಂದ್ ದಿನ ಎಂಜಿನಿಯರ್ ಅಷ್ಟು ದೂರದಿಂದ ಸೈಕಲ್ ತುಳಿದುಕೊಂಡು ಬಂದರು, ಹೊಸ ಇಂಧನದೊಂದಿಗೆ. ನನ್ನನ್ನು ಕಣ್ಣೆತ್ತಿ ನೋಡದೆ, ಎಂದಿನಂತೆ ಅತ್ತಿಗೆ ಎಂದೇ ಕರೆದು ಹೇಳಿದರು, "ಬೌದಿ, ಹಳೇ ಡಬ್ಬಿಯ ಮುಚ್ಚಳ ಸಡಿಲವಿತ್ತು. ಈ ಇಂಧನ ಗಾಳಿಯ ಪಸೆ ಎಳೆದುಕೊಳ್ಳುತ್ತದೆ. ಎರಡು ಮಳೆಗಾಲದ ನೀರು ಕುಡಿದು ಕೂತಿತ್ತು. ಎಂಜಿನ್ ಏಳುವುದು ಹೇಗೆ?"

"ಹೊರಗೆ ಚೆಲ್ಲಿದರೆ ಹೊತ್ತುತ್ತದೆ, ಒಳಗೆ ಹೊತ್ತುವುದಿಲ್ಲ!" ಎಂದೆ. ದನಿ ಒರಟಾಗಿತ್ತು. "ಅದನ್ನು ತೆಗೆದುಕೊಂಡು ಹೋಗಿ."

"ಇರ್ಲಿ," ಎಂದರು ಇವರು. "ಶಬ್ದ ಒಂದು ಕೇಳ್ಬೇಕು ನಂಗೆ."

ತಾರಸಿಯಲ್ಲಿ ಮೊದಲು ಎರಡು ಬಕೆಟ್ ನೀರಿಟ್ಟೆ. ಎಂಜಿನಿಯರ್ ಟ್ಯಾಂಕು, ನಳಿಕೆ ತೊಳೆದು, ಪ್ಲಗ್ ಬದಲಿಸಿ, ಇಂಧನ ತುಂಬಿ, ಡಬ್ಬಿಯನ್ನು ತಾರಸಿಯ ಆ ಕಡೆಯ ಮೂಲೆಗೆ ಸಾಗಿಸಿದರು. ಹಗ್ಗ ಎಳೆಯಲು ಇವರು ಕೈ ಚಾಚಿದರು, ಹೊಸ ಚರ್ಮದ ಗುಲಾಬಿ ಕೈ. ಅದರ ಮೇಲೆ ನನ್ನ ಕೈ ಇಟ್ಟೆ. ಇಬ್ಬರೂ ಸೇರಿ ಎಳೆದೆವು. ಒಂದು ಕೆಮ್ಮು. ಮತ್ತೆ ಎಳೆದೆವು. ಕಿವಿ ಹರಿದುಹೋಗುವ ಹಾಗೆ ಕಿರ್ರನೆ ಎದ್ದಿತು. ಪಕ್ಕದ ತಾರಸಿಯಿಂದ ಯಾರೋ ಬೈದರು.

"ಕೇಳ್ತಾ?" ಇವರು ನನ್ನ ಕಿವಿಗೆ ಬಾಯಿಟ್ಟು ಕೂಗಿದರು. "ಈಗ ಬೆಂಕಿ ಎಲ್ಲುಂಟು ಅಂತ ಗೊತ್ತಾಯ್ತು. ಒಳಗುಂಟು!"

ಖಾಲಿ ರಸ್ತೆಯಲ್ಲಿ ಕಾರು ಸಂಜೆಯವರೆಗೆ ಓಡಿತು. ಕ್ರಿಕೆಟ್ ಹುಡುಗರು ಆಟ ಬಿಟ್ಟು ಅದರ ಹಿಂದೆ ಓಡಿದರು, ಲುಂಗಿ ಎತ್ತಿಕೊಂಡು ಇವರೂ.

ಮರುದಿನ ನನಗೆ ಎಚ್ಚರವಾದದ್ದು ಶಟರ್ ಬಡಿದ ಸದ್ದಿಗೆ. ಕಿಟಕಿಯಲ್ಲಿ ಬಿಸಿಲು. ಪಕ್ಕದಲ್ಲಿ ಇವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಕೆಳಗೆ ಬಂದ್ ಮುಗಿಸಿದ ಗಿರಾಕಿಗಳು ಹಸಿದು ನಿಂತು, "ದಾದಾ, ಇವತ್ತೂ ಬಂದಾ?" ಎಂದು ಕೂಗುತ್ತಿದ್ದರು. ಎಬ್ಬಿಸಿದೆ. ಧಡಕ್ಕನೆ ಎದ್ದು ಇಳಿದುಹೋದರು, ಸಹಾಯಕನಿಗೂ ಕಾಯದೆ ಒಲೆ ಹಚ್ಚಿದರು. ಕಾವಲಿ ಕಾಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಇವರು ನೀರಿನಲ್ಲಿ ಬೆರಳದ್ದಿ, ಆ ಗುಲಾಬಿ ಕೈಯಿಂದಲೇ ಕಾವಲಿಗೆ ಚಿಮುಕಿಸಿದರು.