ಪರದೆಯ ಮೇಲಿನ ಹೊಗೆ

ಅರವತ್ತರ ದಶಕದಲ್ಲಿ ಆರೋಗ್ಯ ಇಲಾಖೆಯ ವ್ಯಾನಿನಲ್ಲಿ ಬಡಾವಣೆಗಳಿಗೆ ಹೋಗಿ ಸಿನಿಮಾ ತೋರಿಸುವುದು ನನ್ನ ಕೆಲಸವಾಗಿತ್ತು. ಅವತ್ತು ಬನ್ನಿಮಂಟಪದ ಹತ್ತಿರ ಪರದೆ ಕಟ್ಟಿದ್ದೆ. ಬೀಡಿ ಸಿಗರೇಟಿನಿಂದ ಶ್ವಾಸಕೋಶ ಹೇಗೆ ಕೆಡುತ್ತದೆ ಅನ್ನುವ ಚಿತ್ರ. ರೀಲು ಓಡಲು ಬಿಟ್ಟು, ಅಭ್ಯಾಸಬಲದಿಂದ ಪ್ರೊಜೆಕ್ಟರ್ ಪಕ್ಕದಲ್ಲೇ ಸಿಗರೇಟು ಹಚ್ಚಿದೆ. ನನ್ನ ಹೊಗೆ ಬೆಳಕಿಗೆ ಅಡ್ಡ ಬಂದು, ಪರದೆಯ ಮೇಲಿನ ಶ್ವಾಸಕೋಶದ ತುಂಬ ನೆರಳಾಗಿ ಸುಳಿದಾಡಿತು. ಅದೂ ಚಿತ್ರದ್ದೇ ಅಂದುಕೊಂಡು ಜನ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಕೆಮ್ಮುತ್ತಿದ್ದ ಕೂಸನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಿದ್ದ ಹೆಂಗಸೊಬ್ಬಳು ತಿರುಗಿ, "ಸ್ವಾಮಿ, ಆ ಹೊಗೆ ಸಿನಿಮಾದ್ದಾ, ನಿಮ್ದಾ?" ಅಂದಳು.

"ಯಾಕಮ್ಮ?"

"ಸಿನಿಮಾದ್ದಾದ್ರೆ ಇಲ್ಲೇ ಕೂತ್ಕೋತೀನಿ. ನಿಮ್ದಾದ್ರೆ ಮಗೀನ ಎತ್ಕೊಂಡು ಆ ಕಡೆ ಹೋಗ್ಬುಡ್ತೀನಿ."

ಕೊಂಕೇನೂ ಇರಲಿಲ್ಲ, ತಿಳಿಯದೆಯೇ ಕೇಳಿದ್ದಳು. ನಾನು ಸಿಗರೇಟನ್ನು ಚಪ್ಪಲಿಯಡಿ ಹೊಸಕಿದೆ. ಪರದೆಯ ಮೇಲಿನ ಶ್ವಾಸಕೋಶ ನಿಧಾನವಾಗಿ ತಿಳಿಯಾಯಿತು. ಅಷ್ಟೂ ಜನ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು.

ಚಿತ್ರ ಮುಗಿದ ಮೇಲೆ ಮೈಕು ಹಿಡಿದು, "ಸೇದುವುದನ್ನು ಬಿಟ್ಟುಬಿಡಿ" ಎಂದು ಬುದ್ಧಿ ಹೇಳುವುದೂ ನನ್ನ ಕೆಲಸವೇ. ಅವತ್ತು ಮೈಕು ಕೆಟ್ಟಿದೆ ಅಂದುಬಿಟ್ಟೆ.