ಅಪ್ಪನ ಬಿಲ್ಲು, ಅತ್ತೆಯ ದಿಂಬು

ಬೆಳಗ್ಗೆ ತಾರಸಿಯ ಮೇಲೆ ಹಾಸಿಗೆ ದಿಂಬುಗಳನ್ನು ಬಿಸಿಲಿಗೆ ಹಾಕುತ್ತಿದ್ದೆ. ಸಂಜೆ ಮಗಳು ಸಲ್ಮಾಳನ್ನು ನೋಡಲು ಹೊಸಕೋಟೆಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅವರೇನೂ ನಮ್ಮ ಮನೆಯಲ್ಲಿ ಮಲಗಲು ಬರುತ್ತಿರಲಿಲ್ಲ. ಆದರೂ ಇಂಥ ದಿನ ನನ್ನ ಕೈ ಸುಮ್ಮನಿರುವುದಿಲ್ಲ. ತೀರಿಹೋದ ನಮ್ಮತ್ತೆಯ ಹಳೆಯ ದಿಂಬನ್ನು ಕೊಡವಿದೆ ನೋಡಿ, ಹೊಲಿಗೆ ಬಿಟ್ಟು ಒಂದು ಹಿಡಿ ಹತ್ತಿ ಈಚೆ ಬಂತು. ಬಿಸಿಲಿಗೆ ಕಾದ ಹತ್ತಿಯ ವಾಸನೆ ನಿಮಗೆ ಗೊತ್ತೋ ಇಲ್ಲವೋ, ಈಗೆಲ್ಲ ಫೋಮ್ ಹಾಸಿಗೆಯ ಕಾಲ. ನನಗೆ ಅದು ಅಪ್ಪನ ಅಂಗಿಯ ವಾಸನೆ.

ಆ ಅಪ್ಪನ ಬಿಲ್ಲನ್ನೇ ಹಿಂದಿನ ದಿನ ಹಾಲ್‌ನ ಗೋಡೆಯಿಂದ ಇಳಿಸಿ ಮಂಚದ ಕೆಳಗೆ ತಳ್ಳಿದ್ದೆ. ನಾದಿನಿ ಫೋನ್ ಮಾಡಿ, “ಭಾಬಿ, ಬೇಜಾರ್ ಮಾಡ್ಕೋಬೇಡಿ. ಹೊಸಕೋಟೆಯವ್ರು ದೊಡ್ಡ ಮನೆತನ. ಹಾಲ್‌ನಲ್ಲಿರೋ ಬಿಲ್ಲು ಒಂದಿನ ಒಳಗಿಟ್ಬಿಡಿ” ಅಂದಿದ್ದಳು. ಬೇಜಾರು ಮಾಡಿಕೊಳ್ಳಲಿಲ್ಲ. ಮಗಳ ಮದುವೆ ಅಂದರೆ ಎಂಥ ಜಂಬಗಾತಿಯೂ ಮೆತ್ತಗಾಗುತ್ತಾಳೆ.

ಬಿಲ್ಲು ಅಂದರೆ ಬೇಟೆಯದ್ದಲ್ಲ, ಹತ್ತಿ ಹಿಂಜುವುದು. ಆಳೆತ್ತರದ್ದು. ಗ್ಯಾಸ್ ತರುವವರು ಅದನ್ನು ಯಾವುದೋ ವಾದ್ಯ ಅಂದುಕೊಂಡು, ನುಡಿಸಲು ಬರುತ್ತದಾ ಅಂತ ನನ್ನನ್ನು ಕೇಳಿದ್ದುಂಟು. ನಾವು ಪಿಂಜಾರರು. ಹತ್ತಿ ಹಿಂಜಿ ಹಾಸಿಗೆ ತುಂಬುವುದು ನಮ್ಮ ಕಸುಬು. ನಮಾಜು, ರೋಜಾ ಎಲ್ಲ ಉಂಟು, ಮನೆಮಾತು ಮಾತ್ರ ಕನ್ನಡ. ಹೀಗಾಗಿ ಊರವರಿಗೆ ನಾವು ಸಾಬರು, ಪೇಟೆಯ ಸಾಬರಿಗೆ ಬರೀ ಪಿಂಜಾರರು. ಮಸೀದಿಯಲ್ಲಿ ಅಪ್ಪನ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದವರೇ ಹೆಣ್ಣು ತರುವ ಮಾತು ಬಂದರೆ ಕೆಮ್ಮುತ್ತಿದ್ದರು.

ದೊಡ್ಡಬಳ್ಳಾಪುರದ ಈ ದಖ್ನಿ ಉರ್ದು ಮಾತಿನ ಮನೆಗೆ ನಾನು ಸೊಸೆಯಾಗಿ ಬಂದದ್ದು ನನ್ನ ಗಂಡನ ಹಠದಿಂದ. ಭಾಷೆ ಬಾರದು. ಯಾರು ಏನು ಕೇಳಿದರೂ “ಹೌ” ಅನ್ನುತ್ತಿದ್ದೆ. ಹಾಗೆ ಅಂದು ಅಂದೇ ಮೊದಲ ವಾರದಲ್ಲಿ ಹೊಟ್ಟೆ ಕೆಡುವಷ್ಟು ಚಹಾ ಕುಡಿದೆ, ಯಾರದೋ ಪಾತ್ರೆಗಳನ್ನೂ ತೊಳೆದೆ.

ನಮ್ಮ ತವರಿನಲ್ಲೊಂದು ಪದ್ಧತಿಯಿತ್ತು. ಮದುವೆಯಾದ ಮಗಳ ಮನೆಗೆ ಅಪ್ಪ ಮೊದಲ ಸಲ ಹೋದಾಗ, ಅಲ್ಲಿನ ಅಂಗಳದಲ್ಲೇ ಕೂತು ಅವಳ ಹಾಸಿಗೆಯ ಹತ್ತಿಯನ್ನು ಹಿಂಜಿ ತುಂಬಿಕೊಡಬೇಕು. ಇದು ಈ ಮನೆಯವರಿಗೆ ಗೊತ್ತಿರಲಿಲ್ಲ, ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಒಂದು ಶುಕ್ರವಾರ, ಮನೆ ತುಂಬ ನೆಂಟರು ಊಟಕ್ಕೆ ಕೂರುವ ಹೊತ್ತಿಗೆ, ಅಪ್ಪ ನಮ್ಮೂರು ಸಾಸಲಿನಿಂದ ಬಂದು ಬಸ್ಸಿಳಿದು ಬಿಲ್ಲು ಹೆಗಲಿಗೇರಿಸಿಕೊಂಡು ಬಂದೇಬಿಟ್ಟ. ಸಲಾಂ ಹೇಳಿ, ಅಂಗಳದಲ್ಲಿ ಕೂತು, ಕೆಲಸ ಶುರು ಮಾಡಿದ. ಟೊಂಯ್ ಟೊಂಯ್ ಅಂತ ಬಿಲ್ಲು ಮಿಡಿಯಿತು. ಹತ್ತಿಯ ಎಳೆಗಳು ಹಾರಿ ನೆಂಟರ ಶೇರ್ವಾನಿಯ ಮೇಲೂ ಗಡ್ಡದ ಮೇಲೂ ಕೂತವು.

ಸದಾ ದಖ್ನಿಯಲ್ಲೇ ಮಾತಾಡುವ ನನ್ನ ಗಂಡನ ಸೋದರತ್ತೆ, ಫುಪ್ಪು, ಅವತ್ತು ನನಗೆ ತಿಳಿಯಲಿ ಅಂತಲೇ ಕನ್ನಡದಲ್ಲಿ ಅಂದರು: “ಪಿಂಜಾರರ ಹೆಣ್ಣು ಬಂದಿದ್ದು ಸಾಲ್ದು ಅಂತ ಬಿಲ್ಲೂ ಬಂತಾ?”

ಅಪ್ಪನ ಕೈ ನಿಂತಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಅತ್ತೆ ಅಡುಗೆಮನೆಯಿಂದ ಬಂದರು. ಬಿರಿಯಾನಿಯ ಹಂಡೆಗೆ ತಟ್ಟೆ ಮುಚ್ಚಿದರು. ಒಳಗೆ ಹೋಗಿ ತಮ್ಮ ದಿಂಬನ್ನು ತಂದು ಅಪ್ಪನ ಮುಂದಿಟ್ಟು, “ಭಾಯಿಸಾಬ್, ಯಾಕ್ ನಿಲ್ಸಿದ್ರಿ? ಇದೂ ಗಂಟುಗಂಟಾಗಿದೆ, ಹಿಂಜಿಕೊಡಿ” ಅಂದು ಅಲ್ಲೇ ಕೂತರು. ಕೆಲಸ ಮುಗಿಯುವಷ್ಟರಲ್ಲಿ ಅವರ ತಲೆಯೆಲ್ಲ ಬೆಳ್ಳಗಾಗಿತ್ತು. ಕೊನೆಗೆ ಅಪ್ಪ ಕೈಯೆತ್ತಿ ದುವಾ ಮಾಡಿದ, ತನಗೆ ಬರುವ ಭಾಷೆಯಲ್ಲಿ: “ಯಾ ಅಲ್ಲಾ, ಈ ಮನೇಲಿ ಎಲ್ರಿಗೂ ಕಣ್ತುಂಬ ನಿದ್ದೆ ಕೊಡು.”

“ದುವಾನೂ ಕನ್ನಡದಲ್ಲೇನಾ?” ಅಂದರು ಫುಪ್ಪು.

ಅತ್ತೆ ಅವರತ್ತ ತಿರುಗಲೂ ಇಲ್ಲ. ಎಲ್ಲರಿಗೂ ಕೇಳುವಂತೆ “ಆಮೀನ್” ಅಂದರು. ದೊಡ್ಡವರು ಆಮೀನ್ ಅಂದಮೇಲೆ ಮಿಕ್ಕವರು ಬಾಯಿ ಮುಚ್ಚಿಕೊಂಡಿರಲಾದೀತೇ? ಒಬ್ಬೊಬ್ಬರಾಗಿ ಅಂದರು. ಫುಪ್ಪು ಕೂಡ ಅಂದರು, ಸ್ವಲ್ಪ ತಡವಾಗಿ. ಆಮೇಲೆ ಅತ್ತೆ ಅಪ್ಪನನ್ನು ನೆಂಟರ ಸಾಲಿನಲ್ಲೇ ಊಟಕ್ಕೆ ಕೂರಿಸಿದರು.

ಅಪ್ಪ ತೀರಿಕೊಂಡಾಗ ಬಿಲ್ಲನ್ನು ತರಿಸಿ ಹಾಲ್‌ನಲ್ಲಿ ಮೊಳೆ ಹೊಡೆಸಿದವರೂ ಅತ್ತೆಯೇ. ಹಿಂದಿನ ಕೋಣೆಯಲ್ಲಿಡೋಣ ಅಂತ ನಾನೇ ಅಂದಿದ್ದೆ. “ಬೀಗರನ್ನ ಯಾರಾದ್ರೂ ಹಿಂದಿನ್ ಕೋಣೇಲಿ ಕೂರಿಸ್ತಾರೇನೇ?” ಅಂದಿದ್ದರು. ಆ ಹೆಂಗಸಿನ ಋಣವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ? ನಮ್ಮಲ್ಲಿ ಇರುವುದೂ ಒಂದೇ ಜನ್ಮ.

ತಾರಸಿಯಿಂದ ಇಳಿದು ಬಂದೆ. ಬಿಲ್ಲನ್ನು ಮಂಚದಡಿಯಿಂದ ಎಳೆಯುವಾಗ ಸಲ್ಮಾ ಬಂದು ಇನ್ನೊಂದು ತುದಿ ಹಿಡಿದಳು.

“ಅಮ್ಮಾ, ಅವ್ರು ಇದೇನು ಅಂತ ಕೇಳಿದ್ರೆ?”

“ಕೇಳ್ಲಿ. ನಮ್ಮಜ್ಜ ಅನ್ನು.”

ಅವಳು ನಕ್ಕಳು. ಇಬ್ಬರೂ ಸೇರಿ ಬಿಲ್ಲನ್ನು ಅದೇ ಮೊಳೆಗೆ ತೂಗುಹಾಕಿದೆವು. ಅತ್ತೆಯ ದಿಂಬಿಗೆ ಹೊಲಿಗೆ ಹಾಕಿ, ಹೊಸ ಕವರ್ ತೊಡಿಸಿ, ಹುಡುಗನ ತಾಯಿ ಕೂರುವ ಜಾಗದಲ್ಲಿ, ಬಿಲ್ಲಿಗೆ ಎದುರಾಗಿ, ಒರಗಿಕೊಳ್ಳಲು ಇಟ್ಟೆ.