ಅಪ್ಪನಿಗೆ ಗೊತ್ತಾಗದ ಹಾಗೆ ಹುಟ್ಟುಹಬ್ಬ

ಮಂಡ್ಯದಲ್ಲಿ ಸಮಾರಂಭಗಳನ್ನು ವಹಿಸಿಕೊಂಡು ನಡೆಸಿಕೊಡುವುದು ನನ್ನ ಕೆಲಸ. ಒಮ್ಮೆ ಕೊತ್ತತ್ತಿಯ ಹೆಣ್ಣುಮಗಳೊಬ್ಬಳು ಬಂದು, ಅಪ್ಪನಿಗೆ ಅರವತ್ತು ತುಂಬುತ್ತದೆ, ಅವರಿಗೆ ಗೊತ್ತಾಗದ ಹಾಗೆ ನೆಂಟರನ್ನೆಲ್ಲ ಸೇರಿಸಬೇಕು ಅಂದಳು. ಮದ್ದೂರಿನಲ್ಲಿ ಛತ್ರ ಗೊತ್ತುಮಾಡಿದೆ. ಎಲ್ಲರೂ ಸದ್ದಿಲ್ಲದೆ ಕೂತಿರಬೇಕು, ಮಗಳು ಒಳಕೋಣೆಯಿಂದ ಕೇಕ್ ತರಬೇಕು ಎಂದು ಹೇಳಿಕೊಟ್ಟೆ. "ತಕ್ಷಣ ಛತ್ರಕ್ಕೆ ಬನ್ನಿ ಅಂತಷ್ಟೇ ಮಾವನಿಗೆ ಫೋನ್ ಮಾಡಿ" ಎಂದು ಅವಳ ಗಂಡನಿಗೆ ಹೇಳಿದವನೂ ನಾನೇ.

ಆ ದಿನ ಅಪ್ಪ ಬೆವರುತ್ತಾ ಓಡಿ ಬಂದರು. ಮಳವಳ್ಳಿಯ ತಂಗಿ, ಮಾತು ಬಿಟ್ಟಿದ್ದ ದಾಯಾದಿಗಳು, ಎಲ್ಲರೂ ಸುಮ್ಮನೆ ಕೂತಿದ್ದನ್ನು ಕಂಡವರೇ ಬಾಗಿಲಲ್ಲೇ ಕುಸಿದರು. ಪಕ್ಕದಲ್ಲಿದ್ದ ನನ್ನ ಕೈ ಹಿಡಿದು, "ನನ್ ಮಗ್ಳು ಓಗ್ಬುಟ್ಲಾ? ನಿಜ ಏಳಪ್ಪ" ಅಂದರು.

"ಇಲ್ಲ ಯಜಮಾನ್ರೇ, ಇವತ್ತು ನಿಮ್ಮ ಹುಟ್ಟಿದಬ್ಬ" ಅಂದೆ. ಅಷ್ಟರಲ್ಲಿ ಮಗಳು ಓಡಿ ಬಂದು, "ನಾನ್ ಇಲ್ಲೇ ಇವ್ನಿ ಕಣಪ್ಪ" ಎಂದು ತಬ್ಬಿಕೊಂಡಳು.

ಅವರು ಮಗಳ ತಲೆ ಸವರಿ, ನಿಧಾನವಾಗಿ ಸುತ್ತ ನೋಡಿದರು. "ನಿಮ್ಮವ್ವ ತೀರೋದಾಗ ಇಷ್ಟು ಜನ ಬರ್ನಿಲ್ವಲ್ಲವ್ವ."

ತಂಗಿ ಕಣ್ಣೊರೆಸಿಕೊಂಡು ಕೇಕ್ ತಿನ್ನಿಸಿದಳು.

ಬಾಗಿಲ ಹತ್ತಿರ ನಡೆದದ್ದನ್ನು ತೆಗೆದುಹಾಕಿದ ಮೇಲೆ, ಅವತ್ತು ಮಾಡಿಸಿದ್ದ ವೀಡಿಯೊ ಚೆನ್ನಾಗಿಯೇ ಬಂತು. ಅದನ್ನು ನೋಡಿದವರು ಇವತ್ತಿಗೂ ಅಂಥದ್ದೇ ಸರ್‌ಪ್ರೈಸ್ ಬೇಕು ಅನ್ನುತ್ತಾರೆ. ಒಪ್ಪಿಕೊಳ್ಳುತ್ತೇನೆ. ಆದರೆ ಹಿಂದಿನ ದಿನವೇ, ಹುಟ್ಟುಹಬ್ಬ ಯಾರದೋ ಅವರಿಗೆ ಗುಟ್ಟಾಗಿ ಎಲ್ಲ ಹೇಳಿಬಿಡುತ್ತೇನೆ. ಅವರೂ ಪಾಪ, ಮರುದಿನ ಚೆನ್ನಾಗಿಯೇ ಬೆಚ್ಚಿಬೀಳುತ್ತಾರೆ.